ಮಂಗಳವಾರ, ಬೆಳಗಿನ ಜಾವ ನಾಲ್ಕು ಗಂಟೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ವಯಸ್ಸು 63. ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದೆ. ಒಂದೂವರೆ ಎಕರೆ ಅಡಿಕೆ ತೋಟ ಇದೆ. ಹೆಂಡತಿ ತೀರಿಕೊಂಡು ಒಂಬತ್ತು ತಿಂಗಳಾಯಿತು. ಕೊನೆಯ ನಾಲ್ಕು ವರ್ಷ ಅವಳಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಮಂಗಳವಾರ, ಶುಕ್ರವಾರ ನಾಲ್ಕಕ್ಕೆ ಎದ್ದು ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಸಕ್ರೆಬೈಲು ಬಂದಾಗ ಆನೆ ಕಾಣುತ್ತದಾ ಅಂತ ಅವಳು ಕಿಟಕಿಯಲ್ಲಿ ಇಣುಕುತ್ತಿದ್ದಳು. ಈಗಲೂ ಆ ಎರಡು ದಿನ ನಾಲ್ಕಕ್ಕೇ ಎಚ್ಚರವಾಗುತ್ತದೆ. ಎದ್ದು ಏನು ಮಾಡಬೇಕೋ ತಿಳಿಯುವುದಿಲ್ಲ. ಅವಳಿಗೆ ದಿನಕ್ಕೆ ಇಷ್ಟೇ ನೀರು ಅಂತ ಅಳೆದಿಡುತ್ತಿದ್ದ ಬಾಟಲಿಗೆ ಕೈ ಹೋಗುತ್ತದೆ. ತೂಕ, ಬಿಪಿ ಬರೆಯುತ್ತಿದ್ದ ನೋಟ್‌ಬುಕ್ ಹಾಗೇ ಇದೆ. ಚರ್ಚಿನಲ್ಲಿ ಎಲ್ಲರೂ "ದೇವರ ಚಿತ್ತ" ಎನ್ನುತ್ತಾರೆ. "ನಿಮ್ಮನ್ನು ಉಳಿಸಿದ್ದಕ್ಕೆ ಏನೋ ಉದ್ದೇಶ ಇದೆ" ಎನ್ನುತ್ತಾರೆ. ಏನು ಉದ್ದೇಶ? ಜಪಸರ ಹಿಡಿದರೆ ಬಾಯಿಗೆ ಮಾತೇ ಬರುವುದಿಲ್ಲ. ಇದು ವಿಶ್ವಾಸದ ಕೊರತೆಯೇ? ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಮಣ್ಣು ಮಾಡಿ ಬಂದ ರಾತ್ರಿ ನನಗೆ ಗಾಢ ನಿದ್ದೆ ಬಂತು. ನಾಳೆ ನಾಲ್ಕಕ್ಕೆ ಏಳಬೇಕಾಗಿಲ್ಲ ಅನ್ನಿಸಿತು. ಅದು ಪಾಪವೇ? ಸಾಯಬೇಕು ಅಂತಿಲ್ಲ. ಬದುಕಬೇಕು ಅಂತಲೂ ಅನ್ನಿಸುತ್ತಿಲ್ಲ. ಮಗಳು ತೋಟ ಮಾರಿ ಬೆಂಗಳೂರಿಗೆ ಬನ್ನಿ ಎನ್ನುತ್ತಿದ್ದಾಳೆ. ಹೋಗಲೇ?

ಉತ್ತರ: ಅಣ್ಣಾ, ನೀವು ಯಾರಿಗೂ ಹೇಳದ ಮಾತಿನಿಂದಲೇ ಶುರು ಮಾಡುತ್ತೇನೆ. ಆ ರಾತ್ರಿ ನಿದ್ದೆ ಬಂದಿದ್ದು ಪಾಪ ಅಲ್ಲ.

ವಾರಕ್ಕೆ ಎರಡು ಸಲ, ನಾಲ್ಕು ವರ್ಷ. ಲೆಕ್ಕ ಹಾಕಿದರೆ 400ಕ್ಕೂ ಜಾಸ್ತಿ ಸಲ ನೀವು ಆ ಬಸ್ಸು ಹತ್ತಿದ್ದೀರಿ. ಪ್ರತಿ ಸಲವೂ ಡಯಾಲಿಸಿಸ್ ಕೋಣೆಯ ಹೊರಗೆ ನಾಲ್ಕು ಗಂಟೆ ಬೆಂಚಿನ ಮೇಲೆ ಕೂತಿದ್ದೀರಿ. ರಾತ್ರಿ ಅವರು ಮಗ್ಗುಲು ಬದಲಿಸಿದರೂ ನಿಮಗೆ ಎಚ್ಚರವಾಗುತ್ತಿತ್ತು, ಅಲ್ವಾ? ಅಷ್ಟು ವರ್ಷ ಕಾವಲು ಕಾದ ಮೈ, ಕಾವಲು ಮುಗಿದ ರಾತ್ರಿ ಬಿದ್ದುಕೊಂಡಿತು. ಅವರು ಹೋದರಲ್ಲ ಅಂತ ನೀವು ಹಗುರಾಗಲಿಲ್ಲ. ಅವರಿಗೆ ಇನ್ನು ಸೂಜಿ ಚುಚ್ಚುವುದಿಲ್ಲವಲ್ಲ ಅಂತ ಹಗುರಾದಿರಿ. ನಾನು 26 ವರ್ಷ ನರ್ಸ್ ಆಗಿದ್ದವಳು. ಆಮೇಲೆ ಆಪ್ತಸಮಾಲೋಚನೆ ಕಲಿತೆ. ಈಗ ಶಿವಮೊಗ್ಗದಲ್ಲಿ ಸಾವು ಕಂಡ ಮನೆಯವರ ಜೊತೆ ಕೂರುವುದೇ ನನ್ನ ಕೆಲಸ. ಬಹಳ ಕಾಲ ರೋಗಿಯನ್ನು ನೋಡಿಕೊಂಡವರಲ್ಲಿ ಈ ನೆಮ್ಮದಿಯನ್ನು ಎಷ್ಟೋ ಸಲ ಕಂಡಿದ್ದೇನೆ. ಬೆನ್ನಿಗೇ ಬರುವ "ಛೇ, ಹೀಗೆ ಅನ್ನಿಸಿತಲ್ಲ" ಎಂಬ ಸಂಕಟವನ್ನೂ ಕಂಡಿದ್ದೇನೆ. ಫಾದರ್ ಹತ್ತಿರ ಹೇಳಿಕೊಂಡರೆ ಸಮಾಧಾನ ಅನ್ನಿಸಿದರೆ ಹೇಳಿಕೊಳ್ಳಿ. ಆದರೆ ನಿಮ್ಮ ಪಾಪಗಳ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ನಿಮ್ಮ ಪತ್ರದ ಇನ್ನೊಂದು ಸಾಲನ್ನೂ ನಾನು ಸುಮ್ನೆ ದಾಟುವ ಹಾಗಿಲ್ಲ. ಬದುಕಬೇಕು ಅಂತ ಅನ್ನಿಸುತ್ತಿಲ್ಲ ಎಂದಿದ್ದೀರಿ. ಇಷ್ಟು ದೊಡ್ಡ ಸಾವಿನ ನಂತರ ಹಾಗೆ ಅನ್ನಿಸುವುದು ಅಪರೂಪ ಏನಲ್ಲ. ಆದರೂ ನೇರವಾಗಿ ಕೇಳುತ್ತೇನೆ. ಊಟ ಸೇರುತ್ತಿದೆಯಾ? ಉಳಿದ ದಿನ ನಿದ್ದೆ ಬರುತ್ತಿದೆಯಾ? ತೋಟಕ್ಕೆ ಇಳಿಯುತ್ತಿದ್ದೀರಾ? ಜೀವ ತೆಗೆದುಕೊಳ್ಳುವ ಯೋಚನೆ ಒಂದೇ ಒಂದು ಸಲ ಬಂದರೂ ಅದೇ ಗಳಿಗೆಯಲ್ಲಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾಯಿತು. ದುಡ್ಡು ಕೊಡಬೇಕಾಗಿಲ್ಲ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ದಾರಿಯಂತೂ ನಿಮಗೆ ಗೊತ್ತಿರುತ್ತದೆ. ಅಲ್ಲಿ ಮನೋವೈದ್ಯರೂ ಇದ್ದಾರೆ. ದುಃಖ ಆರು ತಿಂಗಳು ಮೀರಿಯೂ ದಿನದ ಕೆಲಸಕ್ಕೇ ಬಿಡದಷ್ಟು ಬಿಗಿಯಾಗಿ ಹಿಡಿದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಹೇಳುತ್ತದೆ. ಅಮೆರಿಕದ ಮನೋವೈದ್ಯರು ದೊಡ್ಡವರಿಗೆ 12 ತಿಂಗಳ ಗೆರೆ ಹಾಕಿದ್ದಾರೆ. ನೀವು ಆ ಎರಡರ ನಡುವೆ ಇದ್ದೀರಿ. ಒಂದು ಸಲ ತೋರಿಸಿಕೊಂಡು ಬಂದರೆ ನಷ್ಟವಿಲ್ಲ. ಮನಸ್ಸಿಗೆ ಡಾಕ್ಟರ ಹತ್ತಿರ ಹೋದರೆ ವಿಶ್ವಾಸ ಕಮ್ಮಿ ಅಂತ ಯಾರಾದರೂ ಅಂದಾರು. ಡಯಾಲಿಸಿಸ್ ಮಾಡಿಸುವಾಗ ಯಾರೂ ಹಾಗೆ ಅನ್ನಲಿಲ್ಲ ತಾನೇ?

ಈಗ ಆ ಉದ್ದೇಶದ ಮಾತಿಗೆ ಬರೋಣ.

"ನಿಮ್ಮನ್ನು ಉಳಿಸಿದ್ದಕ್ಕೆ ಏನೋ ಉದ್ದೇಶ ಇದೆ" ಎನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ನಿಮ್ಮ ಹೆಂಡತಿ ಯಾಕೆ ಹೋದರು ಎನ್ನುವುದು ಒಂದು. ನೀವು ಇನ್ನು ಏನು ಮಾಡಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗದೆ ಎರಡನೆಯದು ಸಿಗುವುದಿಲ್ಲ ಅಂತ ನೀವು ಕೂತಿದ್ದೀರಿ ಅನ್ನಿಸುತ್ತದೆ. ಆ ಗಂಟನ್ನು ಬಿಚ್ಚಿ ಬೇರೆ ಬೇರೆ ಇಡಿ.

ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಒಂದು ಗೋಪುರದ ಮಾತು ಬರುತ್ತದೆ. ಸಿಲೊವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೇ ಎಂದು ಯೇಸುಸ್ವಾಮಿಯೇ ಕೇಳಿ, ಖಂಡಿತ ಅಲ್ಲ ಎಂದರು. ಹಾಗಾದರೆ ಯಾಕೆ ಬಿತ್ತು? ಅದನ್ನು ಅವರು ಹೇಳಲೇ ಇಲ್ಲ. ಬದುಕಿದ್ದವರ ಕಡೆ ತಿರುಗಿ, ನೀವು ನಿಮ್ಮ ಬದುಕು ತಿದ್ದಿಕೊಳ್ಳಿ ಎಂದರು. ನಿಮ್ಮ ಮನೆಯವರ ಕಿಡ್ನಿ ಕೆಟ್ಟಿದ್ದು ಸಕ್ಕರೆ ಕಾಯಿಲೆಯಿಂದಲೋ ಬಿಪಿಯಿಂದಲೋ ಇದ್ದೀತು. ಡಾಕ್ಟರು ಹೇಳಿದ ಆ ಕಾರಣವೇ ಕಾರಣ. ನಿಮಗೆ ಪಾಠ ಕಲಿಸಲು, ನಿಮ್ಮನ್ನು ಯಾವುದೋ ಸೇವೆಗೆ ತಯಾರು ಮಾಡಲು ದೇವರು ಅವರ ಕಿಡ್ನಿ ಕೆಡಿಸಲಿಲ್ಲ. ಇದನ್ನು ನಾನು ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದೇನೆ. ಶಿಲುಬೆಯ ಮೇಲೆ "ನನ್ನನ್ನು ಯಾಕೆ ಕೈಬಿಟ್ಟೆ" ಎಂದು ಕೂಗಿದ ಯೇಸುವನ್ನು ನಂಬುವ ನಾವು, ಇನ್ನೊಬ್ಬರ ನೋವಿಗೆ ಅಷ್ಟು ಸಲೀಸಾಗಿ ಕಾರಣ ಕೊಡಬಾರದು.

ಯೇಸುಸ್ವಾಮಿ ಸಾವಿನ ಮನೆಗೆ ಹೋದಾಗ ಹೇಗೆ ನಡೆದುಕೊಂಡರು ನೋಡಿ. ಬೆಥಾನಿಯದಲ್ಲಿ ಲಾಸರ ಸತ್ತು ನಾಲ್ಕು ದಿನವಾಗಿತ್ತು. ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಮಾರ್ತ ಹೇಳಿದಳು. ಆಮೇಲೆ ಅವಳ ತಂಗಿ ಮರಿಯಳೂ ಬಂದು ಅದೇ ಮಾತು ಹೇಳಿದಳು. ಅದು ದೂರೇ ಅಲ್ವಾ? ಯೇಸುಸ್ವಾಮಿ ಗದರಲಿಲ್ಲ. ವಿಶ್ವಾಸ ಕಮ್ಮಿ ಎನ್ನಲಿಲ್ಲ. ಇನ್ನೇನು ಲಾಸರನನ್ನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದೂ ಅತ್ತರು.

ಇನ್ನು ಏನು ಮಾಡಬೇಕು ಎನ್ನುವುದಕ್ಕೆ ನನಗೆ ಮತ್ತೆ ಮತ್ತೆ ನೆನಪಾಗುವುದು ಪ್ರವಾದಿ ಎಲೀಯನ ಕಥೆ. ಅರಸುಗಳ ಮೊದಲನೇ ಗ್ರಂಥ, 19ನೇ ಅಧ್ಯಾಯ. ಒಂದು ಸಲ ತೆಗೆದು ಓದಿ. ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಜೀವ ತೆಗೆದುಕೋ ಎಂದು ಆತ ದೇವರನ್ನು ಕೇಳಿಕೊಂಡ. ನಿಮ್ಮ ಮಾತಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದ. ಹಾಗೇ ನಿದ್ದೆ ಹೋದ. ದೇವದೂತ ಬಂದು ತಟ್ಟಿ ಎಬ್ಬಿಸಿ ಹೇಳಿದ್ದು ಇಷ್ಟೇ: ಏಳು, ಊಟ ಮಾಡು. ಕೆಂಡದ ಮೇಲೆ ಸುಟ್ಟ ರೊಟ್ಟಿ ಇತ್ತು, ಪಾತ್ರೆಯಲ್ಲಿ ನೀರಿತ್ತು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲ ಬಂದ. ಈಗಲಾದರೂ ಉಪದೇಶ ಮಾಡಿದನಾ? ಇಲ್ಲ. ಮತ್ತೆ ಊಟ ಮಾಡು ಎಂದ, ಮುಂದಿನ ದಾರಿ ದೊಡ್ಡದು ಎಂದ. ಆಮೇಲೆ 40 ದಿನದ ನಡಿಗೆ. ಅದಾದ ಮೇಲೆ ಬೆಟ್ಟದಲ್ಲಿ ಆ ಮೆಲುದನಿ.

ಆ ಮೆಲುದನಿ ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದೇ. ನಿನಗೆ ಇದೆಲ್ಲ ಯಾಕಾಯಿತು ಎಂದು ದೇವರು ಎಲೀಯನಿಗೆ ವಿವರಿಸಲಿಲ್ಲ. ಮೂರು ಹೆಸರು ಕೊಟ್ಟರು. ಹಜಾಯೇಲ, ಯೇಹು, ಎಲೀಷ. ಇವರ ಹತ್ತಿರ ಹೋಗು ಎಂದರು. ಅಂದರೆ ಆತನ ಉದ್ದೇಶ ಮನುಷ್ಯರ ಹೆಸರಿನ ರೂಪದಲ್ಲಿ ಬಂತು. ಶಿಲುಬೆಯ ಕೆಳಗೂ ಹಾಗೇ ಆಯಿತು. ಮಗನನ್ನು ಕಳೆದುಕೊಳ್ಳುತ್ತಿದ್ದ ಮಾತೆ ಮರಿಯಮ್ಮನವರಿಗೆ ಯೇಸುಸ್ವಾಮಿ ನೋವಿನ ಅರ್ಥ ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಶಿಷ್ಯನನ್ನು ತೋರಿಸಿದರು: ಇಗೋ ನಿನ್ನ ಮಗ. ಅವನಿಗೆ ಹೇಳಿದರು: ಇಗೋ ನಿನ್ನ ತಾಯಿ. ಆವತ್ತೇ ಅವನು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಅವರಿಗೆ ಸಿಕ್ಕಿದ್ದು ಒಂದು ಮನೆ, ನೋಡಿಕೊಳ್ಳಲು ಒಬ್ಬ ಮನುಷ್ಯ.

ನಿಮ್ಮ ವಿಷಯದಲ್ಲಿ ಇದು ಇನ್ನೂ ನಿಜ. ನೀವು ಹೆಂಡತಿಯನ್ನಷ್ಟೇ ಕಳೆದುಕೊಂಡಿಲ್ಲ. ನಾಲ್ಕು ವರ್ಷ ನಿಮ್ಮನ್ನು ಎಬ್ಬಿಸಿದ ಕೆಲಸವೂ ಹೋಯಿತು. ನೀರು ಅಳೆಯುವುದು, ತೂಕ ಬರೆಯುವುದು, ಮಾತ್ರೆ ಕೊಡುವುದು, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿಯುವುದು. ಪ್ರೀತಿ ಅಂದರೆ ನಿಮ್ಮ ಮನೆಯಲ್ಲಿ ಇವೇ ಆಗಿದ್ದವು. ನಾಲ್ಕು ಗಂಟೆಗೆ ಎಚ್ಚರವಾಗುವುದು ಕಾಯಿಲೆ ಅಂತ ನನಗೆ ಅನ್ನಿಸುವುದಿಲ್ಲ. ಆ ಪ್ರೀತಿ ಹೊತ್ತಿಗೆ ಸರಿಯಾಗಿ ಎದ್ದು ಕೂರುತ್ತಿದೆ. ಹೋಗಲು ಮನೆ ಸಿಗುತ್ತಿಲ್ಲ, ಅಷ್ಟೇ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನನ್ನ ಗಂಡ ಹೋಗಿ 11 ವರ್ಷ. ಹೃದಯಾಘಾತ. ನಾನು ನೈಟ್ ಡ್ಯೂಟಿಯಲ್ಲಿದ್ದೆ. ಊರವರ ಎದೆಗೆಲ್ಲ ಸ್ಟೆತಸ್ಕೋಪ್ ಇಡುವವಳಿಗೆ ಮನೆಯವರ ಎದೆಯ ಸುದ್ದಿ ತಿಳಿಯಲಿಲ್ಲವಲ್ಲ ಎಂಬ ಕೊರಗು ಬಹಳ ಕಾಲ ಇತ್ತು. ಮಣ್ಣಿನ ದಿನ ಹಿರಿಯರೊಬ್ಬರು ಬಂದು, ದೇವರು ತನ್ನ ತೋಟದ ಒಳ್ಳೆಯ ಹೂವನ್ನೇ ಕೀಳುತ್ತಾನಮ್ಮ ಎಂದರು. ನನಗೆ ಆ ತೋಟದ ಮೇಲೇ ಸಿಟ್ಟು ಬಂತು. ಐದು ತಿಂಗಳು ಚರ್ಚಿನ ಪೂಜೆಗೆ ಹೋಗಿ ಕೊನೇ ಬೆಂಚಿನಲ್ಲಿ ಕೂತು, ಯಾರೂ ಮಾತಾಡಿಸುವ ಮುಂಚೆ ಎದ್ದು ಬರುತ್ತಿದ್ದೆ.

ಅಲ್ಲೊಬ್ಬರು ಅಜ್ಜಿ ಇದ್ದರು. ಪರಿಚಯ ಅಷ್ಟಕ್ಕಷ್ಟೆ. ಪ್ರತಿ ಭಾನುವಾರ ಬಾಗಿಲ ಹತ್ತಿರ ನಿಂತು ನನ್ನ ಕೈಗೆ ಒಂದು ಪೊಟ್ಟಣ ಇಡುತ್ತಿದ್ದರು. ಮಳೆಗಾಲದಲ್ಲಿ ಹೆಚ್ಚಿದ ಕಳಲೆ. ಒಂದು ವಾರ ಹಲಸಿನ ಹಪ್ಪಳ. ಒಂದು ವಾರ ಬರೀ ಕೆಸುವಿನ ಎಲೆ. ಮಾತಿಲ್ಲ, ಸಮಾಧಾನ ಇಲ್ಲ, ಪ್ರಾರ್ಥನೆ ಮಾಡ್ತೀನಿ ಅನ್ನುವುದೂ ಇಲ್ಲ. ಒಂದು ಭಾನುವಾರ ಪೊಟ್ಟಣ ಕೊಟ್ಟ ಮೇಲೆ ಚೀಲದಿಂದ ಮಾತ್ರೆಗಳನ್ನೆಲ್ಲ ತೆಗೆದರು. "ಇದರಲ್ಲಿ ಬೆಳಿಗ್ಗೇದು ಯಾವುದು, ರಾತ್ರೀದು ಯಾವುದು ನೋಡು ಮಗಾ, ಕಣ್ಣು ಕಾಣಲ್ಲ" ಎಂದರು. ನೋಡಿದೆ. ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಿನಲ್ಲಿ ಬರೆದುಕೊಟ್ಟ ಒಂದೇ ಬಿಪಿ ಮಾತ್ರೆಯನ್ನು ಅವರು ಎರಡೂ ಹೊತ್ತು ನುಂಗುತ್ತಿದ್ದರು. ತಲೆ ಸುತ್ತುತ್ತದೆ ಅಂತ ಗೋಡೆ ಹಿಡಿದು ನಡೆಯುತ್ತಿದ್ದರು. ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮುಂದಿನ ವಾರ ಅಜ್ಜಿ ಪಕ್ಕದ ಮನೆಯವರನ್ನು ಕರೆದುಕೊಂಡು ಬಂದರು. ಇವತ್ತಿಗೂ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ನಾನು ಅಲ್ಲೇ ಕೂತು ವಯಸ್ಸಾದವರ ಮಾತ್ರೆ ನೋಡಿಕೊಡುತ್ತೇನೆ. ಆ ಅಜ್ಜಿ ಈಗಿಲ್ಲ.

ನನ್ನ ಗಂಡ ಸತ್ತಿದ್ದು ಆ ಅಜ್ಜಿಯ ತಲೆಸುತ್ತು ನಿಲ್ಲಲಿ ಅಂತ ಅಲ್ಲ. ಯಾರಾದರೂ ಹಾಗೆ ಹೇಳಿದರೆ ನಾನು ಒಪ್ಪುವುದಿಲ್ಲ. ಅವರು ಬದುಕಿದ್ದು, ಅಜ್ಜಿಯ ತಲೆಸುತ್ತೂ ಬೇರೆ ದಾರಿಯಲ್ಲಿ ವಾಸಿಯಾಗಿದ್ದರೆ ಅದೇ ನನಗೆ ಬೇಕಾಗಿದ್ದದ್ದು. ಆದರೆ ನಡೆದದ್ದು ನಡೆದ ಮೇಲೆ, ಆ ಬಾಗಿಲ ಹತ್ತಿರ ನನ್ನನ್ನು ಮತ್ತೆ ಕರೆದವರು ದೇವರೇ ಎಂದು ನಂಬುತ್ತೇನೆ. ಅವರು ಅಜ್ಜಿಯ ಚೀಲದಿಂದ ಕರೆದರು.

ನಮ್ಮ ಕಡೆಯ ಮುಯ್ಯಾಳು ನಿಮಗೆ ಗೊತ್ತಲ್ಲ. ನಿಮ್ಮ ಗದ್ದೆ ನಾಟಿಗೆ ನಾನು ಬಂದರೆ, ನನ್ನ ನಾಟಿಗೆ ನೀವು. ಪೌಲರು ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಶುರುವಿನಲ್ಲೇ ಇಂಥದೊಂದು ಮಾತಿದೆ. ನಮ್ಮ ಕಷ್ಟದಲ್ಲಿ ದೇವರು ನಮ್ಮನ್ನು ಸಂತೈಸುತ್ತಾರೆ. ಆ ಸಂತೈಕೆಯಿಂದಲೇ ನಾವು ಕಷ್ಟದಲ್ಲಿರುವ ಬೇರೆಯವರನ್ನು ಸಂತೈಸಬೇಕು. ಇದೂ ಒಂದು ಮುಯ್ಯಾಳೇ. ಆಳು ತಿರುಗಿ ಹೋಗುವ ಗದ್ದೆ ಮಾತ್ರ ಬೇರೆಯವರದು. ಆದರೆ ಮುಯ್ಯಾಳಿನಲ್ಲಿ ಮೊದಲು ಯಾರಾದರೂ ನಿಮ್ಮ ಗದ್ದೆಗೆ ಇಳಿದಿರಬೇಕಲ್ಲ? ಇಳಿಯಲು ಬಿಟ್ಟಿದ್ದೀರಾ? ನಮ್ಮ ಗಂಡಸರು, ಅದರಲ್ಲೂ ಮನೆಯ ಹಿರಿಯರು, ಕೊಟ್ಟೇ ಅಭ್ಯಾಸ. ತೆಗೆದುಕೊಳ್ಳಲು ನಾಚುತ್ತಾರೆ. ಪಕ್ಕದ ಮನೆಯವರು ಸಾರು ತಂದುಕೊಟ್ಟರೆ ಬೇಡ ಎನ್ನಬೇಡಿ. ಎಲೀಯನೂ ಮೊದಲು ರೊಟ್ಟಿ ತಿಂದನು.

ಪಂಡಿತಾ ರಮಾಬಾಯಿಯವರ ಕಥೆ ನಿಮಗೆ ಹೇಳಲೇಬೇಕು. ತೀರ್ಥಹಳ್ಳಿಯ ಮುಂದೆ ಹರಿಯುವ ತುಂಗೆ ಹುಟ್ಟುವುದು ಗಂಗಾಮೂಲದಲ್ಲಿ. ಅದೇ ಕಾಡಿನ ಒಂದು ಮನೆಯಲ್ಲಿ 1858ರಲ್ಲಿ ಅವರು ಹುಟ್ಟಿದರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡು ಅವರ ತಂದೆ ಕಾಡು ಸೇರಿದ್ದರು. ಮುಂದೆ ಆ ಸಂಸಾರ ಪುರಾಣ ಓದುತ್ತಾ ಊರೂರು ಅಲೆಯಿತು. 1870ರ ದಶಕದ ಬರಗಾಲದಲ್ಲಿ ಹಸಿವು ತಂದೆ, ತಾಯಿ, ಅಕ್ಕ ಮೂವರನ್ನೂ ತೆಗೆದುಕೊಂಡಿತು. ಉಳಿದ ಅಣ್ಣ 1880ರಲ್ಲಿ ಹೋದರು. ಅದೇ ವರ್ಷ ರಮಾಬಾಯಿ ಮದುವೆಯಾದರು. 1882ರಲ್ಲಿ ಗಂಡನನ್ನು ಕಾಲರಾ ಕೊಂದಿತು. ಆಗ ಅವರಿಗೆ 23 ವರ್ಷ, ಕೈಯಲ್ಲಿ ಪುಟ್ಟ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ಅವರ ದೊಡ್ಡ ಕೆಲಸ ನಮಗೆಲ್ಲ ಗೊತ್ತು. ವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನ, ಆಮೇಲೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಎಂಬ ಆಶ್ರಯಧಾಮ. ನಾನು ಗಮನಿಸುವುದು ನಡುವಿನ ವರ್ಷಗಳನ್ನು. ಗಂಡ ಹೋಗಿದ್ದು 1882, ಶಾರದಾ ಸದನ ಶುರುವಾಗಿದ್ದು 1889. ಏಳು ವರ್ಷ. ಆ ಏಳು ವರ್ಷ ಅವರು ಓದಿದರು, ಸಮುದ್ರ ದಾಟಿದರು, ವಾದ ಮಾಡಿದರು, ಸಂಶಯಪಟ್ಟರು. ಕ್ರೈಸ್ತ ಧರ್ಮ ಸಿಕ್ಕಿ ಎಷ್ಟೋ ವರ್ಷದವರೆಗೂ ನನಗೆ ಕ್ರಿಸ್ತರು ಸಿಕ್ಕಿರಲಿಲ್ಲ ಎಂಬ ಅರ್ಥದಲ್ಲಿ ಆಮೇಲೆ ಅವರೇ ಬರೆದುಕೊಂಡರು. ನಿಮಗಿನ್ನೂ ಒಂಬತ್ತೇ ತಿಂಗಳು, ಅಣ್ಣಾ.

ಇನ್ನೊಂದನ್ನೂ ನೋಡಿ. 1896-97ರಲ್ಲಿ ಮತ್ತೆ ಬರಗಾಲ ಬಂದಾಗ ರಮಾಬಾಯಿ ತಾವೇ ಹೋಗಿ, ಹಸಿದು ಎಲುಬಾಗಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಹಸಿವು ಮನೆಯವರನ್ನು ಹೇಗೆ ತಿನ್ನುತ್ತದೆ ಅಂತ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಬೇರೆಯವರು ಕಂಡೂ ಕಾಣದ ಹಾಗೆ ದಾಟಿಹೋಗುವ ಮುಖ ಅವರ ಕಣ್ಣಿಗೆ ಕೂಡಲೇ ಬೀಳುತ್ತಿತ್ತು. ಅಷ್ಟೆಲ್ಲ ಮಾಡಿದ ಮೇಲೆ ದುಃಖ ಅವರನ್ನು ಬಿಟ್ಟಿತಾ? ಬಿಡಲಿಲ್ಲ. ತಮ್ಮ ನಂತರ ಎಲ್ಲವನ್ನೂ ನಡೆಸಬೇಕಾಗಿದ್ದ ಮನೋರಮಾ 1921ರಲ್ಲಿ ತೀರಿಕೊಂಡರು. 1922ರ ಏಪ್ರಿಲ್‌ನಲ್ಲಿ ರಮಾಬಾಯಿಯವರೂ ಹೋದರು. ಉದ್ದೇಶ ಸಿಕ್ಕಿದರೆ ನೋವು ಮುಗಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪುನರುತ್ಥಾನರಾದ ಯೇಸುವಿನ ಕೈಯಲ್ಲೂ ಮೊಳೆಯ ಗಾಯ ಇತ್ತು. ಅದನ್ನು ತೋರಿಸಿಯೇ ಅವರು ಸಂಶಯಪಟ್ಟ ಶಿಷ್ಯ ತೋಮನನ್ನು ಕರೆದರು.

ಪ್ರಾರ್ಥನೆ ಬರುತ್ತಿಲ್ಲ ಎಂದಿರಿ. ಹಾಗಾದರೆ ಸದ್ಯಕ್ಕೆ ಬೇರೆಯವರ ಪ್ರಾರ್ಥನೆಯನ್ನು ಸಾಲ ತೆಗೆದುಕೊಳ್ಳಿ. 88ನೇ ಕೀರ್ತನೆ ಓದಿ. ಕೊನೆಯ ಸಾಲಿನವರೆಗೂ ಅದರಲ್ಲಿ ಕತ್ತಲೆಯೇ ಇದೆ. ಅಂಥದ್ದನ್ನೂ ಬೈಬಲ್ಲಿನಲ್ಲಿ ಉಳಿಸಿಕೊಂಡಿದ್ದಾರಲ್ಲ, ಅದು ನನಗೆ ಎಷ್ಟೋ ರಾತ್ರಿ ಧೈರ್ಯ ಕೊಟ್ಟಿದೆ. ಜಪಸರವನ್ನು ಸುಮ್ನೆ ಕೈಯಲ್ಲಿ ಹಿಡಿದುಕೊಂಡರೂ ಸಾಕು. ಮಾರ್ಕರ ಶುಭಸಂದೇಶದಲ್ಲಿ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಚಾವಣಿ ತೆಗೆದು ಇಳಿಸುತ್ತಾರೆ. ಅಲ್ಲಿ ಯೇಸುಸ್ವಾಮಿ ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನು. ಮಲಗಿದ್ದವನು ಒಂದು ಮಾತೂ ಆಡಿದಂತೆ ಬರೆದಿಲ್ಲ. ಕೆಲವು ತಿಂಗಳು ನೀವು ಹಾಸಿಗೆಯಲ್ಲಿರುವವನ ಜಾಗದಲ್ಲಿರಿ. ಪೂಜೆಗೆ ಹೋಗಿ ಕೂರಿ. ಉಳಿದವರು ಹಾಡಲಿ.

ನಮ್ಮ ಕಥೋಲಿಕ ನಂಬಿಕೆಯಲ್ಲಿ ಇನ್ನೊಂದು ಸಮಾಧಾನವಿದೆ. ಹೆಂಡತಿಗಾಗಿ ನೀವು ಮಾಡುವ ಕೆಲಸ ಪೂರ್ತಿ ಮುಗಿದಿಲ್ಲ. ಸತ್ತವರಿಗಾಗಿ ನಾವು ಪ್ರಾರ್ಥಿಸುತ್ತೇವೆ. ಮೃತರ ಪೂಜೆಯ ಪ್ರಾರ್ಥನೆಯಲ್ಲೇ, ಬದುಕು ಬದಲಾಗುತ್ತದೆ, ಮುಗಿಯುವುದಿಲ್ಲ ಎಂಬ ಮಾತು ಬರುತ್ತದೆ. ನವೆಂಬರ್ 2, ಮೃತರೆಲ್ಲರ ಸ್ಮರಣೆಯ ದಿನ. ಒಂದೆರಡು ದಿನ ಮೊದಲೇ ಹೋಗಿ ಸಮಾಧಿಯ ಹುಲ್ಲು ಕಿತ್ತು, ತೊಳೆದು ಬನ್ನಿ. ಪಕ್ಕದಲ್ಲಿ ಯಾರೂ ಬರದ ಸಮಾಧಿ ಇದ್ದರೆ ಅದರ ಮೇಲೂ ಒಂದು ಮೇಣದ ಬತ್ತಿ ಹಚ್ಚಿ.

ಆ ನೋಟ್‌ಬುಕ್ ಎಸೆಯಬೇಡಿ. ಹೊಸ ಹಾಳೆಯಲ್ಲಿ ಮತ್ತೆ ಗೆರೆ ಹಾಕಿ. ತೂಕ, ಬಿಪಿ, ನೀರು ಇದ್ದ ಕಡೆ ಈಗ ನಿಮ್ಮ ನಿದ್ದೆ, ಊಟ, ಇವತ್ತು ಯಾರ ಜೊತೆ ಮಾತಾಡಿದೆ ಎಂದು ಬರೆಯಿರಿ. ನೀವು ಗುಮಾಸ್ತರಾಗಿದ್ದವರು, ಲೆಕ್ಕ ಬರೆಯುವುದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮೂರನೆಯ ಸಾಲು ಒಂದು ವಾರ ಖಾಲಿ ಬಿದ್ದರೆ ಮಗಳಿಗೆ ಫೋನ್ ಮಾಡಿ. ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ಕೊಂಡುಹೋಗಿ.

ಮಗಳ ಮಾತು. ತೋಟ ಈಗ ಮಾರಬೇಡಿ. ದೊಡ್ಡ ದುಃಖದ ಮೊದಲ ವರ್ಷದಲ್ಲಿ ಹಿಂದಕ್ಕೆ ತಿರುಗಿಸಲಾಗದ ತೀರ್ಮಾನ ಬೇಡ ಎಂದು ನನ್ನ ಹತ್ತಿರ ಬರುವ ಎಲ್ಲರಿಗೂ ಹೇಳುತ್ತೇನೆ. ಕೈ ನಡೆಯುವುದಿಲ್ಲ ಅನ್ನಿಸಿದರೆ ಈ ವರ್ಷದ ಫಸಲು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡಿ. ಕೊಯ್ಲು ಮುಗಿದ ಮೇಲೆ ಬೆಂಗಳೂರಿಗೆ ಹೋಗಿ ಒಂದು ತಿಂಗಳು ಇದ್ದು ಬನ್ನಿ, ಆಮೇಲೆ ನೋಡೋಣ. ಆದರೆ ನಿಮ್ಮ ಪತ್ರದಲ್ಲಿ ಒಂದು ಮಾತು ಇರಲಿಲ್ಲ, ಅದನ್ನು ಹೇಳಲೇಬೇಕು. ಆ ಹುಡುಗಿಯ ಅಮ್ಮ ಹೋಗಿದ್ದಾರೆ. ಅವಳು ಬನ್ನಿ ಎನ್ನುವುದು ನಿಮ್ಮನ್ನು ನೋಡಿಕೊಳ್ಳಲು ಮಾತ್ರ ಇರಲಾರದು. ಅಮ್ಮನ ವಿಷಯ ಮಾತಾಡಲು ಅವಳಿಗೆ ಈ ಲೋಕದಲ್ಲಿ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ? ಇವತ್ತು ಸಂಜೆಯೇ ಫೋನ್ ಮಾಡಿ, ನಿನಗೆ ಹೇಗಿದೆ ಮಗಳೇ ಎಂದು ಕೇಳಿ. ಅತ್ತರೆ ಅಳಲಿ. ನೀವೂ ಅಳಿ. ಎಲೀಯನಿಗೆ ಮೂರು ಹೆಸರು ಸಿಕ್ಕವು ಎಂದೆನಲ್ಲ. ನಿಮ್ಮ ಪಟ್ಟಿಯ ಮೊದಲ ಹೆಸರು ಅವಳದೇ ಇರಬೇಕು.

ಎರಡನೆಯ ಹೆಸರು ನನಗೆ ಗೊತ್ತಿಲ್ಲ. ಆದರೆ ಅದು ಎಲ್ಲಿ ಕೂತಿರಬಹುದು ಎಂಬ ಊಹೆ ಇದೆ.

ಡಯಾಲಿಸಿಸ್ ಕೋಣೆಯ ಹೊರಗಿನ ಆ ಬೆಂಚಿನ ಮೇಲೆ ಈ ಮಂಗಳವಾರವೂ ಯಾರೋ ಕೂತಿರುತ್ತಾರೆ. ಹೆಂಡತಿಗೋ ಅಪ್ಪನಿಗೋ ಹೋದ ವಾರವಷ್ಟೇ ಶುರುವಾಗಿರುತ್ತದೆ. ಯಾವ ಕಾಗದ ಯಾವ ಕಿಟಕಿಗೆ ಕೊಡಬೇಕು ಗೊತ್ತಿರುವುದಿಲ್ಲ. ಆಯುಷ್ಮಾನ್ ಕಾರ್ಡಿಗೆ ಎಲ್ಲಿ ಓಡಬೇಕು ಗೊತ್ತಿರುವುದಿಲ್ಲ. ಮೆಷಿನ್ನಿನಿಂದ ಎದ್ದು ಬಂದವರು ಯಾಕೆ ಅಷ್ಟು ನಡುಗುತ್ತಾರೆ, ಯಾಕೆ ಸುಮ್ಮಸುಮ್ಮನೆ ಸಿಡುಕುತ್ತಾರೆ, ಅದೂ ಗೊತ್ತಿರುವುದಿಲ್ಲ. ನಿಮಗೆ ಎಲ್ಲ ಗೊತ್ತು.

ಈಗಲೇ ಹೋಗಿ ಎನ್ನುತ್ತಿಲ್ಲ. ವರ್ಷದ ಪೂಜೆ ಮುಗಿಯಲಿ. ಹೋಗುವುದಾದರೆ ಮೊದಲ ಸಲ ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. ಆ ಬಾಗಿಲು, ಆ ಔಷಧದ ವಾಸನೆ ಎದೆಗೆ ಹೊಡೆಯಬಹುದು. ತಡೆಯಲಾಗದಿದ್ದರೆ ತಿರುಗಿ ಬಂದುಬಿಡಿ. ಅದು ಸೋಲಲ್ಲ. ನಿಮ್ಮ ಎರಡನೆಯ ಹೆಸರು ಬೇರೆ ಕಡೆ ಇದೆ ಎಂದು ತಿಳಿದುಕೊಳ್ಳಿ. ತೋಟಕ್ಕೆ ಅಡಿಕೆ ಕೊನೆ ಇಳಿಸಲು ಬರುವ ಕೊನೆಗಾರನ ಮನೆಯಲ್ಲಿ ಇರಬಹುದು, ಪಕ್ಕದ ಮನೆಯ ಜಗಲಿಯಲ್ಲಿ ಇರಬಹುದು. ಬಸ್ಸು ಸಕ್ರೆಬೈಲಿಗೆ ಬಂದಾಗ ಅವರ ಪರವಾಗಿ ಕಿಟಕಿಯಲ್ಲಿ ಒಮ್ಮೆ ನೋಡಿ. ಅಳು ಬಂದರೆ ಬರಲಿ.

ಬೆಂಚಿನಲ್ಲಿ ಕೂತವರಿಗೆ ಉಪದೇಶ ಮಾಡಬೇಡಿ. ಬೈಬಲ್ಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಬಾಯಿ ಬಿಡದೆ ಅವನ ಪಕ್ಕ ನೆಲದ ಮೇಲೆ ಕೂತಿದ್ದಷ್ಟು ಹೊತ್ತು ಚೆನ್ನಾಗಿಯೇ ಇದ್ದರು. ಕೆಟ್ಟಿದ್ದು ಬಾಯಿ ಬಿಟ್ಟ ಮೇಲೆ. ದೇವರ ಮಾತನ್ನು ಅವರಾಗಿ ಕೇಳಿದರೆ ಹೇಳಿ, ಇಲ್ಲದಿದ್ದರೆ ಕ್ಯಾಂಟೀನಿನಿಂದ ಒಂದು ಟೀ ತಂದುಕೊಡಿ. ಹೋಗುವಾಗ ಆ ಬಾಟಲಿಯನ್ನು ಚೀಲದಲ್ಲಿ ಹಾಕಿಕೊಳ್ಳಿ. ದಿನಕ್ಕೆ ಎಷ್ಟು ನೀರು ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಅಷ್ಟೇ ನೀರನ್ನು ಬೆಳಗಿನ ಮಾತ್ರೆಗೆ ಇಷ್ಟು, ಊಟಕ್ಕೆ ಇಷ್ಟು, ರಾತ್ರಿ ಗಂಟಲು ಒಣಗಿದಾಗ ಒಂದು ಗುಟುಕು ಅಂತ ಹೇಗೆ ಹಂಚಬೇಕು, ಸಾರು, ಕಾಫಿ ಕೂಡ ಆ ಲೆಕ್ಕದಲ್ಲೇ ಬರುತ್ತದೆ, ಇದನ್ನೆಲ್ಲ ಹೊಸಬರಿಗೆ ಬಾಟಲಿ ಹಿಡಿದು ತೋರಿಸುವವರು ಬಹಳ ಕಮ್ಮಿ.